ಲೀಲಾಮಣಿಯ ಹನ್ನೊಂದು ನಿಮಿಷ

ರೆಜಿನ ಅಡುಗೆಕಟ್ಟೆಗೆ ಒರಗಿ, ಬೇಯಿಸಿದ ಮರಗೆಣಸನ್ನು ಮೆಣಸಿನ ಚಟ್ನಿಗೆ ಅದ್ದಿ ನಿಂತುಕೊಂಡೇ ತಿನ್ನುತ್ತಿದ್ದಳು. ಕೂತು ಉಂಡು ಎಷ್ಟು ತಿಂಗಳಾಗಿತ್ತೋ! ಕೊಲ್ಲಂನ ಗೇರುಬೀಜದ ಕಾರ್ಖಾನೆಯ ಹೆಂಗಸರ ಬಗ್ಗೆ ಮೂರು ವರ್ಷ ಸಾಕ್ಷ್ಯಚಿತ್ರ ಮಾಡಿದ್ದಳು. ಆ ಗುಂಗಿನಲ್ಲಿ ಗೆಳತಿಯರು ದೂರವಾಗಿದ್ದರು, ಅಣ್ಣ ಮಾತು ಬಿಟ್ಟಿದ್ದ. ಈಗ ಚಿತ್ರವೂ ಮುಗಿದಿತ್ತು. ಯುರೋಪಿನ ದೊಡ್ಡ ಚಿತ್ರೋತ್ಸವಕ್ಕೆ ಕಳಿಸಲು ಇವತ್ತು ಸಂಜೆ ಐದೂವರೆಯೇ ಕೊನೆ.

ಸಂಕಲನ ಮಾಡಿದ ಸಜಿತ್ ಫೋನ್ ಮಾಡಿದ.

"ಏನಮ್ಮಾ, ಶುಭಮುಹೂರ್ತ ಕಾಯ್ತಿದೀಯಾ? ಇನ್ನೂ ಯಾಕೆ ಕಳಿಸಿಲ್ಲ?"

"ಆ ಹನ್ನೊಂದು ನಿಮಿಷ ತೆಗೆದ್ರೆ ಹೇಗೆ ಸಜಿತ್?"

"ಉಪ್ಪಿಲ್ಲದ ಮೀನುಸಾರು ಆಗುತ್ತೆ. ಬೀಜ ಒಡೆಯೋ ಸದ್ದು ಬಿಟ್ರೆ ಏನೂ ಉಳಿಯಲ್ಲ."

ಅವನು ಹೇಳಿದ್ದು ಸುಳ್ಳೇನಲ್ಲ. ಆ ಹನ್ನೊಂದು ನಿಮಿಷದಲ್ಲಿ ಕಾರ್ಖಾನೆಯ ಲೀಲಾಮಣಿ, ರೆಜಿನ ಅಕ್ಕನೆಂಬ ಸಲಿಗೆಯಿಂದ ಚೇಚಿ ಎಂದು ಕರೆಯುತ್ತಿದ್ದವಳು, ತನ್ನ ಮಗಳ ಬಗ್ಗೆ ಹೇಳಿದ್ದಳು. ಮಗಳು ಗಂಡನ ಮನೆಯಲ್ಲಿ ಸತ್ತದ್ದು ಊರಿಗೆಲ್ಲ ಗೊತ್ತು. ಸಾಯುವ ಎರಡು ದಿನ ಮೊದಲು ಅವಳು ತವರಿಗೆ ಓಡಿಬಂದಿದ್ದಳು, ಚಿನ್ನ ಸಾಲದೆಂದು ಹೊಡೆಯುತ್ತಾರೆ ಎಂದು ಅತ್ತಿದ್ದಳು, ಅವಳನ್ನು ಸಂಜೆ ಬಸ್ಸಿಗೆ ಹತ್ತಿಸಿ ವಾಪಸ್ಸು ಕಳಿಸಿದ್ದು ಹೆತ್ತ ತಾಯಿಯೇ. ಇದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

"ಇವತ್ತಿಗೆ ಮುಗೀತು ಚೇಚಿ, ಚಹಾ ಕುಡಿಯೋಣ" ಎಂದು ರೆಜಿನ ಹೇಳಿದ ಮೇಲೆ ಅವಳು ಅದನ್ನು ಹೇಳಿದ್ದಳು. ಕ್ಯಾಮೆರಾ ಮಾತ್ರ ಓಡುತ್ತಲೇ ಇತ್ತು. ಅದರ ಕೆಂಪು ದೀಪದ ಮೇಲೆ ರೆಜಿನ ಮೊದಲ ದಿನವೇ ಕಪ್ಪು ಟೇಪು ಅಂಟಿಸಿದ್ದಳು. ಜನ ಮೈಮರೆತು ಮಾತಾಡಲಿ ಎಂದು ಈ ಕಸುಬಿನವರು ಬಹಳ ಮಂದಿ ಹಾಗೆ ಮಾಡುತ್ತಾರೆ, ಅದನ್ನು ಮೋಸ ಎಂದು ಯಾರೂ ಕರೆಯುವುದಿಲ್ಲ.

"ಅವರು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದಾರೆ" ಎಂದ ಸಜಿತ್. "ಅಲ್ಲದೆ ಇದನ್ನ ನೋಡಿ ಒಬ್ಬ ತಾಯಿ ಮಗಳನ್ನ ವಾಪಸ್ಸು ಕಳಿಸದೆ ಇದ್ರೆ? ಅದು ಸಣ್ಣ ಮಾತಾ ರೆಜಿ?"

ಸಣ್ಣ ಮಾತಲ್ಲ. ಅದಕ್ಕೇ ಅವಳಿಗೆ ನುಂಗಲೂ ಆಗುತ್ತಿರಲಿಲ್ಲ, ಉಗುಳಲೂ ಆಗುತ್ತಿರಲಿಲ್ಲ.

"ಒಂದು ಸಲ ಅವರಿಗೆ ತೋರಿಸಿ ಬರ್ತೀನಿ."

"ಬೇಡ ಅಂದ್ರೆ?"

ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ರೆಜಿನ ಹೊರಟಳು.

ಲೀಲಾಮಣಿ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ಗಂಡ ಸತ್ತಿದ್ದ, ಕಾರ್ಖಾನೆ ಮುಚ್ಚಿತ್ತು. ಗೇರುಸಿಪ್ಪೆಯ ಎಣ್ಣೆ ಸುಟ್ಟ ಬೆರಳುಗಳು ಮಾತ್ರ ಇನ್ನೂ ಕಪ್ಪಾಗಿಯೇ ಇದ್ದವು.

"ಬಾ ಮೋಳೇ, ಬಾ ಮಗಳೇ! ಸಿನಿಮಾದವಳು ನಮ್ಮನ್ನೆಲ್ಲ ಮರೆತೇಬಿಟ್ಟಳು ಅಂದ್ಕೊಂಡೆ."

ಅವಳ ಪಕ್ಕದಲ್ಲಿ ಕೂತು ರೆಜಿನ ಆ ತುಣುಕನ್ನು ತೋರಿಸಿದಳು. ತನ್ನ ಮುಖ ಕಂಡಾಗ ಲೀಲಾಮಣಿ ಮೊದಲು ನಕ್ಕಳು. "ಅಯ್ಯೋ, ಇಷ್ಟು ಮುದುಕಿ ಆಗಿದ್ದೀನಾ!" ಆಮೇಲೆ ತನ್ನದೇ ದನಿಯಲ್ಲಿ ಬಸ್ಸಿನ ಮಾತು ಬಂತು. ಅವಳ ನಗು ನಿಂತಿತು. ಹನ್ನೊಂದು ನಿಮಿಷವೂ ಅವಳು ಕದಲಲಿಲ್ಲ.

"ಕ್ಯಾಮೆರಾ ಓಡ್ತಿತ್ತಾ ಅವಾಗ?"

"ಓಡ್ತಿತ್ತು ಚೇಚಿ. ನಿಂಗೆ ಗೊತ್ತಾಗಬಾರದು ಅಂತ ದೀಪ ಮುಚ್ಚಿದ್ದೆ. ತಪ್ಪಾಯ್ತು."

ಬೈದರೆ ಬೈಸಿಕೊಳ್ಳಲು ರೆಜಿನ ಸಿದ್ಧಳಾಗಿದ್ದಳು. ಲೀಲಾಮಣಿ ಬೈಯಲಿಲ್ಲ.

"ಹದಿನಾಲ್ಕು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೆ. ಕೊನೆಗೆ ಒಬ್ಬಳ ಹತ್ರ ಆದ್ರೂ ಹೇಳ್ಕೊಂಡೆ ಅಂತ ಅವತ್ತು ಚೆನ್ನಾಗಿ ನಿದ್ದೆ ಬಂತು ಕಣೇ" ಎಂದಳು. "ಹಾಗಾದ್ರೆ ಹೇಳಿದ್ದು ಆ ಯಂತ್ರಕ್ಕೆ. ನಾನು ಯಾರ ಹತ್ರಾನೂ ಹೇಳಿರಲಿಲ್ಲ."

ಅವತ್ತು ಈ ಹೆಂಗಸು ಅಳುವಾಗ ತಾನು ನೋಡುತ್ತಿದ್ದದ್ದು ಬೆಳಕು ಸಾಕಾಗಿದೆಯೇ ಎಂದು. ಅದು ರೆಜಿನಳಿಗೆ ಸ್ಪಷ್ಟವಾಗಿ ನೆನಪಿತ್ತು.

ಐದು ಗಂಟೆಗೆ ಸಜಿತ್‌ನ ಫೋನ್ ಬಂತು.

"ಕಳಿಸಲ್ಲ ಸಜಿತ್."

"ಹುಚ್ಚು ಹಿಡಿದಿದ್ಯಾ? ಮೂರು ವರ್ಷದ ದುಡಿಮೆ!"

"ಆ ಹನ್ನೊಂದು ನಿಮಿಷ ತೆಗೆದು ಉಳಿದದ್ದನ್ನ ಮತ್ತೆ ಕೂಡಿಸೋಣ. ಈ ವರ್ಷ ಆಗಲ್ಲ, ಅಷ್ಟೇ." ಅವನು ಕೂಗಾಡಿ ಫೋನ್ ಇಟ್ಟ.

"ಕಳಿಸಿದ್ರೇನು, ಬಿಟ್ರೇನು" ಎಂದಳು ಲೀಲಾಮಣಿ, ಅಂಗಳದ ಕಡೆ ನೋಡುತ್ತ.

ರೆಜಿನ ಎದ್ದು ಲ್ಯಾಪ್‌ಟಾಪ್ ಮುಚ್ಚಿ, ಫೋನ್ ಆರಿಸಿ, ಎರಡನ್ನೂ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ ಬೀಗ ಹಾಕಿದಳು. ಬರಿಗೈಯಲ್ಲಿ ಬಂದು ಮತ್ತೆ ಪಕ್ಕದಲ್ಲಿ ಕೂತಳು.

"ನನ್ನ ಹತ್ರ ಹೇಳು ಚೇಚಿ. ಅವತ್ತು ನಾನು ಕೇಳಿಸ್ಕೊಳ್ಳಲಿಲ್ಲ."

ಐದೂವರೆ ಯಾವಾಗ ದಾಟಿತೋ ರೆಜಿನಳಿಗೂ ತಿಳಿಯಲಿಲ್ಲ. ಕೊನೆಗೆ ಆ ಹನ್ನೊಂದು ನಿಮಿಷದಲ್ಲಿ ಎಲ್ಲೂ ಇಲ್ಲದ ಮಾತೊಂದು ಲೀಲಾಮಣಿಯ ಬಾಯಿಂದ ಬಂತು.

"ಅವತ್ತು ಬಂದವಳೇ ಹಸಿವು ಅಂದಳು, ಮೋಳೇ. ಬಸ್ಸು ತಪ್ಪುತ್ತೆ ಅಂತ ನಾನು ಉಣ್ಣೋಕೂ ಬಿಡಲಿಲ್ಲ."