ಬಿಕ್ಕಳಿಸಿದ ಹಾರ್ಮೋನಿಯಂ

ಸಹೃದಯರಾದ ವಾಚಕ ಮಹಾಶಯರೇ, ಲೋಕಸಂಚಾರದಲ್ಲಿ ನಾನು ಕಂಡ ಅದ್ಭುತಗಳಲ್ಲಿ ಹೆಚ್ಚಿನವು ಎರಡನೆಯ ನೋಟಕ್ಕೆ ಸಪ್ಪೆಯಾದವು. ಹಾಗಾಗದೆ ಉಳಿದ ಒಂದನ್ನು ತಮ್ಮ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಬೇಕು.

ಆ ಊರಿನಲ್ಲಿ ನಾನು ಹಾರ್ಮೋನಿಯಂ ರಿಪೇರಿ ಅಂಗಡಿಯೊಂದರ ಅಟ್ಟದಲ್ಲಿ ಬಾಡಿಗೆಗಿದ್ದೆ. ಕೆಳಗೆ ಅರದ ಸದ್ದು, ಅಂಟಿನ ವಾಸನೆ, ಗೋಡೆಗೆ ತೂಗುಹಾಕಿದ ಹರಿದ ತಿದಿಗಳು. ಅಂಗಡಿಯ ಒಡತಿಯನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಹಾರ್ಮೋನಿಯಮ್ಮಿನ ಒಳಗೆ ಒಂದೊಂದು ಸ್ವರಕ್ಕೂ ಒಂದೊಂದು ಹಿತ್ತಾಳೆಯ ನಾಲಗೆಯಿರುತ್ತದೆ, ಅದೇ ರೀಡು. ಹಳೆಯದಾಗಲಿ ಹೊಸದಾಗಲಿ, ಆ ಊರಿನಲ್ಲಿ ರೀಡು ತಾನಾಗಿ ನುಡಿಯುತ್ತಿರಲಿಲ್ಲ. ಅದನ್ನು ತುಟಿಗಳ ನಡುವೆ ಹಿಡಿದು ಯಾರಾದರೂ ತಮ್ಮ ಕಂಠದ ಒಂದು ಸ್ವರವನ್ನು ಗುನುಗಿ ಬಿಟ್ಟುಕೊಡಬೇಕಾಗಿತ್ತು. ಕೊಟ್ಟ ಮೇಲೆ ಆ ಸ್ವರ ಕೊಟ್ಟವರ ಗಂಟಲಿನಲ್ಲಿ ಇರುತ್ತಿರಲಿಲ್ಲ. ಹಾಡು ನಿಲ್ಲಿಸಿದ ಮುದುಕರು ಬಂದು, ಹಳೆಯ ಅಂಗಿ ದಾನ ಮಾಡುವಷ್ಟು ಸಲೀಸಾಗಿ ಕೊಟ್ಟುಹೋಗುತ್ತಿದ್ದರು.

ಅಜ್ಜಿಯಂತೂ ತನ್ನ ಸ್ವರಗಳನ್ನೆಲ್ಲ ಊರಿಗೆ ಹಂಚಿ, ಉಳಿದ ಒಂದೇ ಒಂದು ಮಧ್ಯಮದಲ್ಲಿ ಮಾತಾಡುತ್ತಿದ್ದಳು. ಬೈಗುಳಕ್ಕೂ ಹರಕೆಗೂ ಒಂದೇ ಶ್ರುತಿ. ಯಾವುದು ಯಾವುದೆಂದು ತಿಳಿಯಲು ಅವಳ ಹುಬ್ಬು ನೋಡಬೇಕಿತ್ತು. ಆ ದನಿಯಲ್ಲೇ ನನ್ನನ್ನು ದಿನವೂ ಮೆಟ್ಟಿಲ ಬುಡದಿಂದ ಊಟಕ್ಕೆ ಕೂಗುತ್ತಿದ್ದಳು. ನಾನೂ ಒಂದು ಸ್ವರ ಕೊಡುವೆನೆಂದು ಗುನುಗಿ ತೋರಿಸಿದಾಗ, "ಇದು ನಿನ್ನ ಹತ್ರಾನೇ ಇರ್ಲಪ್ಪ, ಕಾಗೆ ಓಡ್ಸೋಕೆ ಬೇಕಾಗತ್ತೆ" ಎಂದಳು.

ಅಜ್ಜಿಯ ಮೊಮ್ಮಗಳನ್ನು ಗುಬ್ಬಿ ಎಂದೂ, ಎದುರುಮನೆಯ ಟೈಲರನ ಮಗಳನ್ನು ಕೊಕ್ಕರೆ ಎಂದೂ ಕರೆಯುತ್ತಿದ್ದರು. ಇಬ್ಬರಿಗೂ ಹದಿನೈದರ ಪ್ರಾಯ. ಗುಬ್ಬಿ ಗಿಡ್ಡಿ, ಬಾಯಿ ಮುಚ್ಚದವಳು, ಹೆದರಿದರೆ ಬಿಕ್ಕಳಿಸುವವಳು. ಕೊಕ್ಕರೆ ನೀಳಕಾಯದ ಮಿತಭಾಷಿಣಿ. ಅವಳು ಹಾರ್ಮೋನಿಯಂ ನುಡಿಸತೊಡಗಿದರೆ ಅಜ್ಜಿಯ ಕೈಯ ಅರ ತಾನಾಗಿ ನಿಲ್ಲುತ್ತಿತ್ತು. ಹಾಡುವ ಗುಬ್ಬಿಯ ಉಸಿರು ಎಲ್ಲಿ ಮುಗಿಯುವುದೋ ಕೊಕ್ಕರೆಯ ಬೆರಳಿಗೆ ಮೊದಲೇ ಗೊತ್ತಿರುತ್ತಿತ್ತು. ಅಂಥ ಸ್ನೇಹವನ್ನು ನಾನು ಕಾದಂಬರಿಗಳಲ್ಲಿ ಓದಿದ್ದೆ, ನಂಬಿರಲಿಲ್ಲ.

ಸಂಗೀತ ಶಾಲೆಯವರು ಮಕ್ಕಳನ್ನು ಆರಿಸುವ ದಿನ ಬಂತು. ಆಯ್ಕೆಯಾದರೆ ಕಳಿಸುತ್ತೇನೆ, ಆಗದಿದ್ದರೆ ಮರುದಿನದಿಂದಲೇ ಹೊಲಿಗೆ ಯಂತ್ರದ ಮುಂದೆ ಕೂರಬೇಕು ಎಂದು ಟೈಲರು ಮಗಳಿಗೆ ಹೇಳಿದ್ದ. ಆತ ಮಾತಿಗೆ ತಪ್ಪುವ ಆಸಾಮಿಯಲ್ಲ. ಹಿಂದಿನ ಮಧ್ಯಾಹ್ನವೇ ಕೊಕ್ಕರೆಯ ಪೆಟ್ಟಿಗೆಯಲ್ಲಿ ಮಧ್ಯಮದ ರೀಡು ಸತ್ತಿತು. ಅಜ್ಜಿ ಡಬ್ಬಿಗಳನ್ನೆಲ್ಲ ತಡಕಿದಳು. ಮಧ್ಯಮ ತುಂಬಿದ ರೀಡು ಒಂದೂ ಇರಲಿಲ್ಲ. ತನ್ನದನ್ನು ಕೊಡುವೆನೆಂದು ಗುಬ್ಬಿ ಮುಂದೆ ಬಂದಳು.

"ಎಳೆಗಾಯಿ ತೊಟ್ಟು ಬಿಡಲ್ಲ ಕಣೆ," ಎಂದಳು ಅಜ್ಜಿ. "ಎಲ್ಲಿಟ್ರೂ ಆ ಸ್ವರ ನಿನ್ನ ಹಿಂದೇನೇ ಇರತ್ತೆ."

ಅಜ್ಜಿಯ ಮಧ್ಯಮವನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅದೂ ಹೋದರೆ ಮೊಮ್ಮಗಳನ್ನು ಕರೆಯಲು ಅವಳಿಗೆ ದನಿಯೇ ಉಳಿಯುತ್ತಿರಲಿಲ್ಲ.

ಬೆಳಿಗ್ಗೆ ಅಜ್ಜಿ ತಿದಿಯ ತೊಗಲು ತರಲು ಹೋದ ಹೊತ್ತಿನಲ್ಲಿ ರೀಡು ನುಡಿಯಿತು. ಡಬ್ಬಿಯ ತಳದಲ್ಲಿ ಸಿಕ್ಕಿತೆಂದು ಗುಬ್ಬಿ ಪಿಸುಗುಟ್ಟಿದಳು, ಗಂಟಲು ಕಟ್ಟಿದೆಯಂತೆ. ನಾವು ನಂಬಿದೆವು. ಪೆಟ್ಟಿಗೆ ನನ್ನ ಹೆಗಲೇರಿತು.

ಶಾಲೆಯ ಹಜಾರದಲ್ಲಿ ಪರೀಕ್ಷಕರ ಮುಂದೆ ಕೊಕ್ಕರೆ ಕುಳಿತಳು. ಬಾಗಿಲ ಬಳಿಯ ಬೆಂಚಿನಲ್ಲಿ ಗುಬ್ಬಿಯೂ ನಾನೂ. ನುಡಿಸಾಣಿಕೆ ಏರುತ್ತ ಹೋದಂತೆ ಗುಬ್ಬಿಗೆ ದಿಗಿಲು ಹತ್ತಿತು. ಅವಳ ಎದೆ ಕುಲುಕಿತು, ಬಾಯಿಂದ ಸದ್ದು ಬರಲಿಲ್ಲ. ಬಿಕ್ಕಳಿಸಿದ್ದು ಹಾರ್ಮೋನಿಯಂ. ಹಜಾರ ಗೊಳ್ಳೆಂದಿತು. ಕೊಕ್ಕರೆ ಮಧ್ಯಮವನ್ನು ಮತ್ತೊಮ್ಮೆ ಒತ್ತಿದಳು. ಅದು ಮತ್ತೆ ಬಿಕ್ಕಿತು. ಆ ಬಿಕ್ಕಳಿಕೆಯನ್ನು ಅವಳು ಬಾಲ್ಯದಿಂದ ಬಲ್ಲಳು. ನುಡಿಸುವುದನ್ನು ನಿಲ್ಲಿಸಿ ಬಾಗಿಲತ್ತ ತಿರುಗಿದಳು.

"ಬಾರೇ ಇಲ್ಲಿ. ಬಾಯಿ ತೆಗಿ."

ಗುಬ್ಬಿ ಹತ್ತಿರ ಹೋಗಿ ಪಿಸುಗುಟ್ಟಿದಳು. "ಮೊದಲು ಮುಗಿಸು ಕಣೆ. ನಿಮ್ಮಪ್ಪ ಮಿಷನ್ ಮುಂದೆ ಕೂರಿಸಿಬಿಡ್ತಾರೆ."

"ನೀನು ಅರ್ಧಂಬರ್ಧ ಹಾಡೋದಾದ್ರೆ ನಾನು ಪೂರ್ತಿ ನುಡಿಸಿ ಏನು ಮಾಡ್ಲಿ? ತೆಗಿ ಬಾಯಿ."

ಕೊಕ್ಕರೆ ಮಧ್ಯಮವನ್ನು ಒತ್ತಿಹಿಡಿದು ತಿದಿಯನ್ನು ಪೂರ್ತಿ ತಳ್ಳಿದಳು. ಸ್ವರ ಪೆಟ್ಟಿಗೆಯಿಂದೆದ್ದು ಗುಬ್ಬಿಯ ಕಂಠಕ್ಕೆ ಮರಳಿತು, ರೀಡು ಸತ್ತಿತು. ಪರೀಕ್ಷಕರಿಗೆ ತಲೆಬುಡ ತಿಳಿಯಲಿಲ್ಲ. ಅವರಲ್ಲಿ ಹಿರಿಯರಾದ ಹೆಂಗಸು, ಬೆರಳಿನ ಗತ್ತು ತನಗೆ ಮೆಚ್ಚಿಗೆಯಾಗಿದೆಯೆಂದೂ, ಸಂಜೆಯೊಳಗೆ ಪೆಟ್ಟಿಗೆ ಸರಿಮಾಡಿಸಿ ತಂದರೆ ಮತ್ತೆ ಕೇಳುವೆನೆಂದೂ, ಇಲ್ಲವಾದರೆ ಇಲ್ಲವೆಂದೂ ಹೇಳಿದರು.

ಅಂಗಡಿಯಲ್ಲಿ ಅಜ್ಜಿ ಎಲ್ಲವನ್ನೂ ಕೇಳಿದಳು. ಬಯ್ಯುವಳೆಂದುಕೊಂಡೆ. ಅವಳು ರೀಡನ್ನು ಬಿಚ್ಚಿ ಬಟ್ಟೆಯಲ್ಲಿ ಒರೆಸತೊಡಗಿದಳು. ಗುಬ್ಬಿ ಅರ್ಥಮಾಡಿಕೊಂಡು ಅವಳ ಕೈ ಹಿಡಿದುಕೊಂಡಳು.

"ಬೇಡ ಅಜ್ಜಿ. ಆಮೇಲೆ ನನ್ನ ಕರೆಯೋರು ಯಾರು?"

"ಕರೆದಾಗ ನೀನು ಯಾವತ್ತು ಬಂದಿದ್ದೀಯೆ? ನನಗೆ ಹುಬ್ಬಿದೆಯಲ್ಲ, ಸಾಕು."

ಅವಳು ಆಡಿದ ಕೊನೆಯ ಮಾತು ಅದು. ರೀಡನ್ನು ತುಟಿಗಿಟ್ಟು, ಕಣ್ಣು ಮುಚ್ಚಿ, ಗುನುಗಿದಳು. ಈ ಪೆಟ್ಟಿಗೆ ತನಗೆ ಬೇಡವೆಂದು ಕೊಕ್ಕರೆ ಅಳುತ್ತ ಹಿಂದೆ ಸರಿದಾಗ ಅಜ್ಜಿಯ ಎಡಹುಬ್ಬು ಮೇಲೇರಿತು. ಅದರ ಮುಂದೆ ಯಾರ ಹಟವೂ ನಡೆಯುತ್ತಿರಲಿಲ್ಲ.

ಸಂಜೆ ಕೊಕ್ಕರೆ ನುಡಿಸಿದ್ದನ್ನು ಬಣ್ಣಿಸುವ ಶಕ್ತಿ ನನ್ನ ಲೇಖನಿಗಿಲ್ಲ. ರಾಗ ಎಲ್ಲೆಲ್ಲಿ ಅಲೆದರೂ ಮಧ್ಯಮಕ್ಕೆ ಬಂದಾಗ ಮನೆಯ ಬಾಗಿಲು ತೆರೆದಂತಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಗುಬ್ಬಿ ಅಜ್ಜಿಯ ಕೈ ಹಿಡಿದು ಕುಳಿತಿದ್ದಳು. ಈ ಸಲ ಬಿಕ್ಕಳಿಸಲಿಲ್ಲ. ಕೊಕ್ಕರೆ ಆಯ್ಕೆಯಾದಳು. ಕೊರಳಿಗೆ ಅಳತೆಪಟ್ಟಿ ನೇತುಹಾಕಿಕೊಂಡೇ ಓಡಿಬಂದು ಕಿಟಕಿಯಾಚೆ ನಿಂತಿದ್ದ ಟೈಲರು, ಶಾಲೆಗೆ ಹೋಗುವವಳಿಗೆ ಹೊಸ ಬಟ್ಟೆ ಹೊಲಿಯಬೇಕು, ಕೆಲಸ ಬಹಳವಿದೆ ಎಂದು ಗೊಣಗಿ, ಮೂಗು ಸೀಟಿಕೊಂಡು ಹೊರಟುಹೋದ.

ಕೆಲವು ದಿನಗಳ ಮೇಲೆ ನನ್ನ ಕಾಲು ಮಾಮೂಲಿನಂತೆ ತುರಿಸತೊಡಗಿತು. ಎರಡು ಅಂಗಿ, ರಟ್ಟು ಕಿತ್ತ ಕಾದಂಬರಿಗಳು, ಒಂದು ಲೋಟ, ಇಷ್ಟನ್ನು ಚೀಲಕ್ಕೆ ತುರುಕಿ ಮೆಟ್ಟಿಲಿಳಿದೆ. ಅಜ್ಜಿ ಬಾಗಿಲಲ್ಲಿ ನಿಂತು ಎರಡೂ ಹುಬ್ಬು ಏರಿಸಿದಳು. ಹರಕೆಯೆಂದೇ ಭಾವಿಸಿ ಕಾಲಿಗೆರಗಿದೆ.

ಸಂಗೀತ ಶಾಲೆಯ ಬೀದಿ ದಾಟುವಾಗ ಮೇಲಿನ ಕಿಟಕಿಯಿಂದ ಮಧ್ಯಮ ತೇಲಿಬಂತು.

"ಬಂದೆ ಅಜ್ಜಿ," ಎಂದು ಅಭ್ಯಾಸಬಲದಿಂದ ತಿರುಗಿ ನಿಂತೆ. ಆಮೇಲೆ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ನಡೆದೆ.