ಉಪವಾಸದವಳ ಹೊಟ್ಟೆನೋವು

ಅಸ್ನಕೆಚ್ ಮಾಡುವ ಕೋಳಿ ಸಾರಿಗೆ ಊರೇ ಬಾಯಲ್ಲಿ ನೀರೂರಿಸುತ್ತಿತ್ತು. ಆದರೆ ಈ ಈಸ್ಟರ್‌ಗೆ, ಮಾಂಸ, ಬೆಣ್ಣೆ ಮುಟ್ಟದ ಐವತ್ತೈದು ದಿನದ ಉಪವಾಸ ಮುಗಿಸಿ ಬೆಣ್ಣೆ ತೇಲುವ ಅದೇ ಸಾರನ್ನು ಉಂಡವಳು, ಗಂಟೆ ಕಳೆಯುವುದರೊಳಗೆ ಬಲಪಕ್ಕೆ ಹಿಡಿದುಕೊಂಡು ಉರುಳಾಡಿದಳು. ನೋವು ಬೆನ್ನಿಗೆ, ಬಲಭುಜಕ್ಕೆ ಹತ್ತಿತು. ವಾಂತಿಯಾಯಿತು. ಮೂರು ಗಂಟೆ ಕಾಡಿ ತಾನಾಗಿಯೇ ಇಳಿಯಿತು. ಹೋದ ಕ್ರಿಸ್‌ಮಸ್‌ನಲ್ಲೂ ಹೀಗೇ ಆಗಿತ್ತು.

ಉಪವಾಸದಲ್ಲಿ ಸುಖ, ಹಬ್ಬದಲ್ಲಿ ನೋವು. ಇದು ದೇವರ ಮುನಿಸೇ ಎಂದು ಅಸ್ನಕೆಚ್ ತೀರ್ಮಾನಿಸಿಬಿಟ್ಟಳು. ವರ್ಷಪೂರ್ತಿ ಉಪವಾಸವೆಂದು ಹರಕೆ ಹೊತ್ತಳು. ಈಸ್ಟರ್ ಆದಮೇಲಿನ ಐವತ್ತು ದಿನ, ಅವರ ಚರ್ಚಿನ ಕಟ್ಟಳೆಯಂತೆ, ಯಾರೂ ಉಪವಾಸ ಮಾಡುವಂತಿಲ್ಲ. ಇವಳು ಆಗಲೂ ಬೇಳೆ, ಸೊಪ್ಪು, ಇಂಜೇರಾ ರೊಟ್ಟಿಯಲ್ಲೇ ಉಳಿದಳು. ಮೈ ಕಡ್ಡಿಯಾಯಿತು. ಮಗಳ ಚೊಚ್ಚಲ ಹೆರಿಗೆಗೆ ಇನ್ನು ನಾಲ್ಕೇ ತಿಂಗಳು. ಬಾಣಂತನ ಮಾಡಬೇಕಾದವಳೇ ಹಾಸಿಗೆ ಹಿಡಿದರೆ ಗತಿಯೇನು ಎಂದು ಗಂಡ ಡೆರ್ಬೆವ್‌ಗೆ ದಿಗಿಲು.

ಒಂದು ದಿನ ಮನೆಯಲ್ಲಿ ಎರಡನೇ ಸುತ್ತಿನ ಕಾಫಿ ಬಗ್ಗಿಸುವ ಹೊತ್ತಿಗೆ ಊರಿನ ಆರೋಗ್ಯ ಕಾರ್ಯಕರ್ತೆ ಮಾರಿಟು ಬಂದಳು.

"ಏನಕ್ಕ, ಕಣ್ಣೆಲ್ಲ ಗುಳಿ ಬಿದ್ದಿದೆ? ಅಣ್ಣ ಅಡುಗೆಮನೆಗೆ ಬೀಗ ಹಾಕಿದಾರಾ?"

"ನಾನಲ್ಲಮ್ಮ, ಅವಳೇ ಬಾಯಿಗೆ ಬೀಗ ಹಾಕ್ಕೊಂಡಿದಾಳೆ," ಅಂದ ಡೆರ್ಬೆವ್. "ಇಷ್ಟು ಉಪವಾಸ ಪಾದ್ರಿಗಳೂ ಮಾಡಲ್ಲ."

ಅಸ್ನಕೆಚ್ ಹರಕೆಯ ಕಥೆ ಹೇಳಿದಳು. ಮಾರಿಟು ನಗಲಿಲ್ಲ. "ಹರಕೆ ಹೊತ್ತ ಮೇಲೆ ನೋವು ಬರಲೇ ಇಲ್ವಾ?" ಎಂದು ಕೇಳಿದಳು.

ಅಸ್ನಕೆಚ್ ಕಾಫಿ ಒಲೆಯ ಕೆಂಡ ಊದುತ್ತ ಕೂತಳು.

"ಸಂತೆ ದಿನದ್ದು ಹೇಳೇ," ಅಂದ ಗಂಡ.

"ಹೋದ ಶನಿವಾರ ಒಂದ್ಸಲ ಬಂತು. ಏನೂ ತಿಂದಿರಲಿಲ್ಲಮ್ಮ. ಬೇಳೆ ತುಂಬಿದ ಸಂಬೂಸಾ ಅಷ್ಟೆ. ಉಪವಾಸದ್ದೇ. ಒಂದು."

"ಆರು," ಅಂದ ಡೆರ್ಬೆವ್.

"ಎಣ್ಣೇಲಿ ಕರಿದಿದ್ದಾ?" ಎಂದಳು ಮಾರಿಟು.

"ಮತ್ತೆ ನೀರಲ್ಲಿ ಕರೀತಾರಾ?" ಅಂದಳು ಅಸ್ನಕೆಚ್.

"ನೋಡಕ್ಕ, ಅದರಲ್ಲಿ ಮಾಂಸ ಇಲ್ಲ, ಬೆಣ್ಣೆ ಇಲ್ಲ. ಹರಕೆ ಮುರೀಲಿಲ್ಲ. ಮತ್ತೆ ದೇವರು ಯಾಕೆ ಮುನೀಬೇಕು?"

ಅಸ್ನಕೆಚ್‌ಗೆ ದೇವರ ಮೇಲೆ ಸುಮ್ಮನೆ ತಪ್ಪು ಹೊರಿಸಿದೆನೇನೋ ಎಂದು ಒಳಗೊಳಗೇ ನಾಚಿಕೆಯಾಯಿತು.

"ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಕೆಳಗೆ ಪಿತ್ತಕೋಶ ಅಂತ ಸಣ್ಣ ಚೀಲ ಇರುತ್ತೆ," ಅಂದಳು ಮಾರಿಟು. "ಜಿಡ್ಡು ತಿಂದಾಗ ಅದು ಹಿಂಡಿಕೊಂಡು ಪಿತ್ತರಸ ಬಿಡುತ್ತೆ. ಒಳಗೆ ಕಲ್ಲಿದ್ರೆ ಚೀಲದ ಬಾಯಿಗೆ ಸಿಕ್ಕಿಕೊಳ್ಳುತ್ತೆ, ಅದಕ್ಕೇ ನೋವು. ಬೆಣ್ಣೆಯಾದ್ರೇನು, ಎಣ್ಣೆಯಾದ್ರೇನು, ಅದಕ್ಕೆ ಎಲ್ಲ ಜಿಡ್ಡೂ ಒಂದೇ. ಇದು ನನ್ನ ಅನುಮಾನ ಅಷ್ಟೆ. ಸ್ಕ್ಯಾನ್ ಮಾಡಿಸಿದ್ರೆ ನಿಜ ಗೊತ್ತಾಗುತ್ತೆ."

ಆಸ್ಪತ್ರೆಯ ಸ್ಕ್ಯಾನ್‌ನಲ್ಲಿ ಮೂರು ಕಲ್ಲು ಕಂಡವು. ಅಲ್ಲಿನ ಡಾಕ್ಟರಮ್ಮ ಆಪರೇಷನ್ ಅಂದಾಗ ಅಸ್ನಕೆಚ್ ಕೂತಲ್ಲಿಂದ ಎದ್ದೇಬಿಟ್ಟಳು.

"ದೇವರು ಕೊಟ್ಟ ಚೀಲ ಕಿತ್ತು ಹಾಕಿದ್ರೆ ಊಟ ಹೇಗಮ್ಮಾ ಅರಗುತ್ತೆ?"

"ಪಿತ್ತರಸ ತಯಾರಾಗೋದು ಲಿವರ್‌ನಲ್ಲಿ. ಚೀಲ ಬರೀ ಕೂಡಿಡುತ್ತೆ. ಚೀಲ ಇಲ್ಲದಿದ್ರೆ ರಸ ನೇರವಾಗಿ ಕರುಳಿಗೆ ಇಳಿಯುತ್ತೆ."

"ಜಿಡ್ಡು ಬಿಟ್ಟುಕೊಂಡೇ ಇದ್ದುಬಿಟ್ರೆ?"

"ನೋವು ಕಡಿಮೆ ಆಗಬಹುದು, ಕಲ್ಲು ಹೋಗಲ್ಲ. ಯಾವ ಕಷಾಯ ಕುಡಿದ್ರೂ ಹೋಗಲ್ಲ. ನೋವೇ ಕೊಡದ ಕಲ್ಲಾಗಿದ್ರೆ ಸಾಮಾನ್ಯವಾಗಿ ಹಾಗೇ ಬಿಡಿ ಅಂತೀವಿ. ನಿಮ್ಮದು ಮತ್ತೆ ಮತ್ತೆ ನೋಯ್ತಿದೆ. ಕಲ್ಲು ಕೊಳವೆಗೆ ಇಳಿದ್ರೆ ಕಾಮಾಲೆ ಬರಬಹುದು, ಒಳಗೆ ಕೀವಾಗಬಹುದು. ಆಪರೇಷನ್‌ನಲ್ಲಿ ಅಪಾಯವೇ ಇಲ್ಲ ಅಂತ ಸುಳ್ಳು ಹೇಳಲ್ಲ. ಅಪರೂಪಕ್ಕೆ ರಕ್ತ ಹೋಗೋದು, ಸೋಂಕಾಗೋದು ಉಂಟು. ಆದ್ರೂ ಕಾಮಾಲೆ, ಕೀವು ಆದ ಮೇಲೆ ನಿಮ್ಮನ್ನ ಹೊತ್ತು ತರೋದಕ್ಕಿಂತ ಈಗ ನೀವೇ ನಡೆದು ಬರೋದು ವಾಸಿ. ಮನೇಲಿ ಮಾತಾಡಿ ಹೇಳಿ."

ಉಳಿದಿದ್ದು ಹರಕೆಯ ಹೆದರಿಕೆ. ಪಾಪನಿವೇದನೆ ಕೇಳುವ ಪಾದ್ರಿಯ ಮುಂದೆ ಕೂತು ಎಲ್ಲ ಹೇಳಿಕೊಂಡಳು.

"ಈ ಐವತ್ತು ದಿನದಲ್ಲಿ ಉಪವಾಸ ಮಾಡು ಅಂತ ನಿನಗೆ ಹೇಳಿದವರು ಯಾರು?" ಎಂದು ಅವರೇ ಗದರಿದರು. "ಕಾಯಿಲೆಯವರಿಗೆ ಉಪವಾಸ ಇಲ್ಲ ಮಗಳೇ. ಹರಕೆಯ ಭಾರ ನನಗಿರಲಿ. ಮೊದಲು ಆಸ್ಪತ್ರೆಗೆ ಹೋಗು."

ಮಾರನೆಯ ವಾರ ಅಸ್ನಕೆಚ್ ತಾನೇ ಒಪ್ಪಿ ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ಆಪರೇಷನ್ ಆಯಿತು. ಕೆಲವು ವಾರ ಜಿಡ್ಡು ಕಡಿಮೆ ತಿಂದಳು, ಆಮೇಲೆ ಸ್ವಲ್ಪ ಸ್ವಲ್ಪವೇ ರೂಢಿಮಾಡಿಕೊಂಡಳು. ಮಗಳಿಗೆ ಹೆಣ್ಣುಮಗು ಹುಟ್ಟಿದ ದಿನ ಬಾಣಂತಿಯ ಬಾರ್ಲಿ ಮುದ್ದೆ ತೊಳಸಿದ್ದು ಅವಳೇ. ನಡುವೆ ಗುಳಿ ಮಾಡಿ ಕಾಯಿಸಿದ ಬೆಣ್ಣೆ ಸುರಿದು, ತಾನೂ ಒಂದು ತುತ್ತು ಅದ್ದಿ ತಿಂದಳು. ಡೆರ್ಬೆವ್ ಅರ್ಧ ಗಂಟೆ ಅವಳ ಮುಖವನ್ನೇ ನೋಡುತ್ತ ಕೂತ.

"ನನ್ನ ಮುಖದಲ್ಲೇನಿದೆ? ಮೊಮ್ಮಗಳ ಮುಖ ನೋಡಿ ಹೋಗಿ," ಅಂದಳು ಅಸ್ನಕೆಚ್.

ಅಕ್ಕಂದಿರೇ, ಅಣ್ಣಂದಿರೇ, ಜಿಡ್ಡು ತಿಂದಾಗಲೆಲ್ಲ ನಿಮಗೂ ಬಲಪಕ್ಕೆ ನೋಯುತ್ತದೆಯೇ? ಶಾಪವೋ ದೃಷ್ಟಿಯೋ ಎಂದು ಕೂರಬೇಡಿ, ತೋರಿಸಿಕೊಳ್ಳಿ. ನೋವಿನ ಜೊತೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ನೋವು ಇಳಿಯದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಆಪರೇಷನ್ ಬೇಕೋ ಬೇಡವೋ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ, ಅರ್ಥವಾಗುವವರೆಗೂ ಕೇಳಿ. ಹೊಟ್ಟೆ ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ.