ಮೊಣಕಾಲಿನ ಕೆಳಗಿನ ದಿಂಬು

ದೂರದ ವಿಮಾನಗಳ ದುಬಾರಿ ಸೀಟುಗಳಲ್ಲಿ ಮಲಗೆದ್ದು, ಯಾವುದು ಹೇಗಿದೆ ಎಂದು ಪತ್ರಿಕೆಗೆ ಬರೆಯುವುದು ನನ್ನ ಗಂಡನ ಉದ್ಯೋಗ. ಕೇಳಿದವರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಾರೆ. ನಾದಿನಿಯಂತೂ ಅಣ್ಣನಿಗೆ ಗಗನಸಖ ಎಂದೇ ಹೆಸರಿಟ್ಟಿದ್ದಾಳೆ. ಇಂಥವರನ್ನು ಕಟ್ಟಿಕೊಂಡವಳ ಪಾಡು ಮಾತ್ರ ಯಾರಿಗೂ ಬೇಕಿಲ್ಲ. ನಲ್ಲಿ ಕೆಟ್ಟರೂ ನಾನೇ, ಅತ್ತೆಗೆ ಜ್ವರ ಬಂದರೂ ನಾನೇ. ನನಗೆ ಸಾಕುಸಾಕಾಗಿತ್ತು.

ಈಚೆಗೆ ಸಂಪಾದಕರು, ಆಫೀಸಿನಲ್ಲೇ ಕೂತು ಮಾಡುವ ಕೆಲಸ ಕೊಡುತ್ತೇನೆ, ಬರುತ್ತೀರಾ ಎಂದು ಕೇಳಿದರು. ಇವರು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ.

"ಒಂದ್ಸಲ ನನ್ ಜೊತೆ ಬಾ. ನೋಡಿ, ಆಮೇಲೆ ನೀನೇ ಹೇಳು, ತಿರುಗಾಟ ಬಿಡ್ಬೇಕೋ ಬೇಡ್ವೋ ಅಂತ," ಎಂದರು ನನಗೆ.

ಹೋಗುವಾಗ ಫಸ್ಟ್ ಕ್ಲಾಸ್, ಬರುವಾಗ ಬಿಸಿನೆಸ್ ಕ್ಲಾಸ್. ಎರಡನ್ನೂ ಹೋಲಿಸಿ ಬರೆಯುವುದಿತ್ತು.

ಫಸ್ಟ್ ಕ್ಲಾಸ್ ಎಂದರೆ ಬಾಗಿಲಿರುವ ಪುಟ್ಟ ಕೋಣೆ. ಹಾಸಿಗೆ ನಮ್ಮ ಮನೆಯದಕ್ಕಿಂತ ಮೆತ್ತಗೆ, ಕೇಳಿದಾಗ ಊಟ. ಇವರು ಟೇಪು ಹಿಡಿದು ಹಾಸಿಗೆಯ ಅಗಲ, ಬಾಗಿಲಿನ ಎತ್ತರ ಅಳೆದು, ತಮ್ಮ ಕೋಣೆಗೆ ಹೋಗಿ ಬಾಗಿಲೆಳೆದುಕೊಂಡರು. ನಾನು ನನ್ನದರಲ್ಲಿ ರಾಣಿಯ ಹಾಗೆ ಒಬ್ಬಳೇ ಕೂತೆ. ಒಬ್ಬಳೇ ಕೂರಲು ಇಷ್ಟು ದೂರ ಬರಬೇಕಿತ್ತೇ?

ಬೇಜಾರಾಗಿ ಎದ್ದು ಹೋದೆ. ಇವರ ಕೋಣೆಯ ಬಾಗಿಲು ತೆರೆದಿತ್ತು. ನಿದ್ದೆಗೆ ಜಾರಿದ್ದ ಇವರ ಬಲ ಮೊಣಕಾಲಿನ ಕೆಳಗೆ ಗಗನಸಖಿಯೊಬ್ಬಳು ದಿಂಬು ಇಡುತ್ತಿದ್ದಳು.

"ಸರ್‌ಗೆ ಮಂಡಿ ನೋವಲ್ವಾ ಮೇಡಂ, ದಿಂಬಿಲ್ದಿದ್ರೆ ಎಚ್ಚರ ಆಗ್ಬಿಡುತ್ತೆ. ಹೋದ್ಸಲ ಬಂದಾಗ್ಲೂ ನಾನೇ ಇಟ್ಟಿದ್ದೆ. ನಿಮಗೆ ಗೊತ್ತೇ ಇರುತ್ತೆ ಬಿಡಿ," ಎಂದು ನಕ್ಕಳು.

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳ ಹಾಗೆ ನಕ್ಕು ಬಂದೆ. ನಾಚಿಕೆಯಾಯಿತು.

ಬಿಸಿನೆಸ್ ಕ್ಲಾಸಿನಲ್ಲಿ ಬಾಗಿಲಿರಲಿಲ್ಲ. ಹಾಸಿಗೆ ಕಿರಿದು, ಪಾದ ತೂರಿಸಲು ಒಂದು ಗೂಡು, ಊಟ ಅವರು ಕೊಟ್ಟಾಗ. ಆದರೆ ಅಕ್ಕಪಕ್ಕದ ನಮ್ಮ ಸೀಟುಗಳ ನಡುವಿನ ತಡಿಕೆಯನ್ನು ಇಳಿಸಬಹುದಿತ್ತು. ಇಳಿಸಿದೆ.

"ಮಂಡಿ ನೋವು ಯಾವಾಗಿಂದ ರೀ?"

"ಆಯ್ತು, ಎರಡು ವರ್ಷ."

"ನಂಗ್ಯಾಕೆ ಹೇಳ್ಲಿಲ್ಲ?"

"ಮನೇಲಿರೋದೇ ನಾಲ್ಕು ದಿನ, ಅದ್ರಲ್ಲಿ ಇದೇನು ಹೇಳೋದು ಕಣೇ. ನೀನೂ ಸುಸ್ತಾಗಿರ್ತೀಯ." ಟೇಪು ಸುತ್ತಿಡುತ್ತಾ ಕೇಳಿದರು, "ನಿಂಗೆ ಯಾವ್ದು ಹಿಡಿಸ್ತು? ಬರೀಬೇಕು."

"ಇದೇ."

"ಕಾಲು ಚಾಚೋಕೇ ಆಗಲ್ವಲ್ಲೇ ಇದ್ರಲ್ಲಿ!"

"ಮಾತಾಡೋಕಾಗುತ್ತಲ್ಲ."

ಆಫೀಸಿನ ಕೆಲಸದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ನನಗೆ ಒಳಗೊಳಗೇ ಹೆದರಿಕೆ. ಇವರು ದಿನಾ ಮನೆಗೆ ಬರುವಂತಾದರೆ ಆಡಲು ನಮ್ಮಲ್ಲಿ ಮಾತು ಉಳಿದಿದೆಯೇ?

ಮನೆ ತಲುಪಿದವರೇ ಬಟ್ಟೆ ಕೂಡ ಬದಲಿಸದೆ ಹಾಸಿಗೆಯ ಮೇಲೆ ಬಿದ್ದುಕೊಂಡರು. ನನಗೂ ಮೈ ಹಣ್ಣಾಗಿತ್ತು. ಆದರೂ ನನ್ನ ದಿಂಬನ್ನು ತೆಗೆದು ಇವರ ಬಲ ಮೊಣಕಾಲಿನ ಕೆಳಗೆ ಇಟ್ಟೆ.

ಇವರು ಕಣ್ಣು ಬಿಡಲಿಲ್ಲ. "ಥ್ಯಾಂಕ್ಸ್ ಮೇಡಂ," ಎಂದರು. "ಊಟಕ್ಕೆ ಎಬ್ಬಿಸ್ಬೇಡಿ."

ಅಳು ಬಂತು. ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಭುಜ ಹಿಡಿದು ಅಲ್ಲಾಡಿಸಿದೆ. ಗಾಬರಿಯಾಗಿ ಎದ್ದು ಕೂತವರ ಕೈ ಸೊಂಟದ ಹತ್ತಿರ ಸೀಟ್ ಬೆಲ್ಟ್ ಹುಡುಕುತ್ತಿತ್ತು.

"ಇಳಿಯೋ ಹೊತ್ತಾಯ್ತಾ?"

"ಇಳಿದಾಯ್ತು ರೀ. ಇದು ಮನೆ. ನಾನು ಮೇಡಂ ಅಲ್ಲ, ನಿಮ್ಮ ಹೆಂಡತಿ. ನಾಳೆ ಹೋಗಿ ಆ ಆಫೀಸ್ ಕೆಲ್ಸ ಒಪ್ಕೊಳ್ಳಿ."

ಗೋಡೆ, ಕಿಟಕಿ, ಆಮೇಲೆ ನನ್ನ ಮುಖ ನೋಡಿದರು. ಎಲ್ಲಿದ್ದೇನೆಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತೇ ಬೇಕಾಯಿತು.

"ಹ್ಞೂಂ," ಎಂದರು.